ಸಿಗ್ನಲ್ ಹೋದ ಮೇಲೆ ಯಾವ ಮ್ಯಾಪ್?

ಪ್ರಶ್ನೆ: ಹಳೇ ಜೀಪಿನಲ್ಲಿ ಸಕಲೇಶಪುರದಿಂದ ಬಿಸಿಲೆ ಕಡೆ ಮಣ್ಣುದಾರಿ ಹಿಡಿದಿದ್ದೆವು. ನೆಟ್‌ವರ್ಕ್ ಹೋಯಿತು, ಮ್ಯಾಪ್ ಬರೀ ಬಿಳಿ ಚೌಕ! ಯಾವ ಆ್ಯಪ್ ಒಳ್ಳೆಯದು ಸಾರ್?

ಉತ್ತರ: ನೆಟ್‌ವರ್ಕ್ ಹೋದರೂ ಜಿಪಿಎಸ್ ಹೋಗಲ್ಲ, ಅದು ನೇರ ಉಪಗ್ರಹದಿಂದ ಬರುತ್ತೆ. ನಿಮ್ಮ ನೀಲಿ ಚುಕ್ಕಿ ಅಲ್ಲೇ ಇತ್ತು, ಕೆಳಗೆ ನಕ್ಷೆ ಇರಲಿಲ್ಲ ಅಷ್ಟೇ. ನಕ್ಷೆಯನ್ನು ಮನೆಯ ವೈಫೈನಲ್ಲೇ ಫೋನಿಗೆ ಇಳಿಸಿಕೊಂಡು ಹೊರಡಿ.

ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್ ಹಾಕಿಕೊಳ್ಳಿ. ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತವೆ, ಅದನ್ನು ಜನರೇ ಬರೆಯೋದು, ಹಾಗಾಗಿ ಯಾರೋ ಓಡಾಡಿ ಗುರುತು ಹಾಕಿದ ಕಾಲುದಾರಿ, ಎಸ್ಟೇಟ್ ದಾರಿ ಕೂಡ ಕೆಲವು ಕಡೆ ಸಿಗುತ್ತೆ, ಕೆಲವು ಕಡೆ ಏನೂ ಇರಲ್ಲ. ಎತ್ತರದ ಗೆರೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನೋಡೋದು ಕಲಿಯಿರಿ: ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ಮಳೆಗಾಲದಲ್ಲಿ ಅಲ್ಲಿ ಜೀಪ್ ಇಳಿಸೋದು ಬೇಡ. ಹೊರಟ ಕ್ಷಣದಿಂದ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಮಾಡಿ, ಬಂದ ದಾರೀಲೇ ವಾಪಸ್ ಬರಬಹುದು.

ಫೋನ್ ಬಿದ್ದು ಒಡೆದರೆ? ಸರ್ಕಾರದ ನಕ್ಷೆ ಇಲಾಖೆ ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯ ಪ್ರಿಂಟ್ ಒಂದು ಡ್ಯಾಶ್‌ಬೋರ್ಡಿನಲ್ಲಿ ಇರಲಿ. ಅದರಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 500 ಮೀಟರ್.

ಇನ್ನೊಂದು, ನಕ್ಷೆಯಲ್ಲಿ ದಾರಿ ಕಂಡಿತು ಅಂತ ಸುಮ್ನೆ ನುಗ್ಗಬೇಡಿ. ಆ ಕಡೆ ಜಾಸ್ತಿ ಮೀಸಲು ಅರಣ್ಯ, ಇಲ್ಲವೇ ಯಾರದೋ ಕಾಫಿ ತೋಟ. ಮೊದಲು ಕೇಳಿ.