ಮಾತಿನ ಪಾಲು ಬರೀ ಶೇ. 7 ಅಲ್ಲ

"ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ದನಿ, ಹಾವಭಾವದ್ದು ಅಂತ ತರಬೇತಿಯಲ್ಲಿ ಹೇಳಿದರು. ನಿಜವೇ? ಸಂವಹನದ ಮೂಲ ಯಾವುದು?" ಎಂದು ಕೇಳಿದ್ದೀರಿ. ಮೊದಲು ಆ ಲೆಕ್ಕವನ್ನು ತಲೆಯಿಂದ ತೆಗೆದುಬಿಡಿ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿ ಅದು: ಮಾತಿಗೆ 7, ದನಿಗೆ 38, ಮುಖಕ್ಕೆ 55. ಅವರು ನೋಡಿದ್ದು ಇಷ್ಟ, ಅನಿಷ್ಟದ ಭಾವನೆಯನ್ನಷ್ಟೇ. ಅದೂ ಮಾತು ಒಂದು ಹೇಳಿ ದನಿ, ಮುಖ ಇನ್ನೊಂದು ಹೇಳುವಾಗ. ಎಲ್ಲ ಸಂವಹನಕ್ಕೂ ಇದನ್ನು ಹಚ್ಚಬಾರದೆಂದು ಅವರೇ ಹೇಳಿದ್ದಾರೆ. ಹಾಗೆ ಹಚ್ಚುವಂತಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಮುಕ್ಕಾಲುಪಾಲು ತಿಳಿಯಬೇಕಿತ್ತು.

ನಾನು ವಿಜಯಪುರದವಳು. ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆ, ಜೊತೆಗೆ ದನದ ಜಾತ್ರೆ. ದನದ ವ್ಯಾಪಾರದಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದಲ್ಲ. ಆದರೆ ಎರಡು ಬೆರಳು ಅಂದರೆ ಎರಡು ಸಾವಿರವೋ ಇಪ್ಪತ್ತು ಸಾವಿರವೋ, ಅದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ನನಗೆ ಸಂವಹನದ ಬೇರು ಕಾಣುವುದು ಇಲ್ಲೇ. ಮಾತು, ಬರಹ, ಸನ್ನೆ, ಚಿತ್ರ ಯಾವುದೇ ಇರಲಿ, ಒಂದು ಗುರುತಿಗೆ ಇಬ್ಬರೂ ಒಂದೇ ಅರ್ಥ ಹಿಡಿಯಬೇಕು. ಹಿಡಿದರೋ ಇಲ್ಲವೋ ಅನ್ನುವುದು ಆ ಕಡೆಯ ಬೆರಳು ತಿರುಗಿ ಒತ್ತಿದಾಗಲೇ ತಿಳಿಯುತ್ತದೆ. (ಕಿವುಡರ ಸನ್ನೆ ಭಾಷೆಯನ್ನು ಹಾವಭಾವದ ಸಾಲಿಗೆ ಸೇರಿಸಬೇಡಿ. ಅದಕ್ಕೆ ತನ್ನದೇ ವ್ಯಾಕರಣವಿದೆ, ಅದು ಪೂರ್ತಿ ಭಾಷೆ.)

ಬರಹದಲ್ಲಿ ದನಿ ಉದುರಿಹೋಗುತ್ತದೆ. ಒಂದು ವರ್ಷ ಬಾಗಲಕೋಟೆಯ ನಮ್ಮ ಅಕ್ಕ, ಜಾತ್ರೆಗೆ ಬರೋದು ಆಗಲ್ಲ ಎಂದು ವಾಟ್ಸಾಪ್ ಮಾಡಿದಳು. "ಆತ ಬಿಡು" ಅಂತ ಬರೆದೆ. ನಮ್ಮ ಕಡೆ ಅದನ್ನು ಮೆತ್ತಗೆ ಅಂದರೆ "ಚಿಂತಿ ಮಾಡಬ್ಯಾಡ" ಎಂದರ್ಥ. ಬಿರುಸಾಗಿ ಅಂದರೆ "ನಿನ್ನ ಜೋಡಿ ಮಾತ ಸಾಕು". ನಾನು ಮೆತ್ತಗೆ ಬರೆದೆ, ಅಕ್ಕ ಬಿರುಸಾಗಿ ಓದಿದಳು. ಎಂಟು ದಿನ ಅವಳ ಫೋನಿಲ್ಲ. ಹಬ್ಬದ ಗಡಿಬಿಡಿ ಇರಬೇಕು ಅಂದುಕೊಂಡೆ. ಅವಳ ಮೌನವನ್ನು ನಾನೂ ತಪ್ಪಾಗಿಯೇ ಓದಿದ್ದೆ. "ಯಕ್ಕಾ, ಸಿಟ್ಟಾಗಿಯೇನ?" ಅಂತ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮನಸ್ಸಿಗೆ ತಾಗುವ ವಿಷಯವಿದ್ದರೆ ದಯವಿಟ್ಟು ಟೈಪ್ ಮಾಡಬೇಡಿ, ಫೋನ್ ಮಾಡಿ.

ಸಂಕ್ರಾಂತಿ ದಾಟಿದ ಮೇಲೆ ಅವಳೇ ಬಂದಳು. ಬಾಗಿಲಲ್ಲೇ ನಿಂತು ನನ್ನ ಅಂಗೈ ಎಳೆದುಕೊಂಡು ಕುಸುರೆಳ್ಳು ಹಾಕಿದಳು. "ಎಳ್ಳು ಬೆಲ್ಲದಂಗ ಇರೂಣು" ಅನ್ನುವುದು ರೂಢಿ. ಅವತ್ತು ಇಬ್ಬರಿಗೂ ಬಾಯಿಂದ ಮಾತೇ ಹೊರಡಲಿಲ್ಲ.