ಒಂದೂವರೆ ಬಾಟ್ಲಿ, ನಾಲ್ಕು ಬಾಟ್ಲಿ

ಡಾಕ್ಟರೇ, ನಮಸ್ಕಾರ.

ಪಿತ್ತಕೋಶದ ಆಪರೇಷನ್ ವೇಳೆ ಡ್ರಿಪ್ ಎಷ್ಟು ಕೊಡಬೇಕು ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. 'ಗ್ಲೂಕೋಸ್ ಏರಿಸಿದರು' ಅಂತ ಎಲ್ಲರೂ ಹೇಳುತ್ತಾರೆ. ಬಾಟ್ಲಿಯಲ್ಲಿ ಏನಿತ್ತು, ಯಾಕೆ ಏರಿಸಿದರು ಅಂತ ಬಿಡಿಸಿ ಹೇಳುವವರು ಕಡಿಮೆ.

ಮೊದಲ ಎರಡು ಪುಟ ತೆಗೆದುಹಾಕಿ. 'ಶಸ್ತ್ರಕ್ರಿಯಾಜನ್ಯ ಪ್ರತಿಕ್ರಿಯೆಯ ಅಂತಃಸ್ರಾವಕ ಆಯಾಮಗಳು' ಅಂತ ಶುರುವಾದರೆ ಯಾರು ಮುಂದೆ ಓದುತ್ತಾರೆ? ವಿಷಯ ಇಷ್ಟೇ ಅಲ್ವಾ: ಅರಿವಳಿಕೆಯಲ್ಲಿ ಮನುಷ್ಯ ಮಲಗಿದ್ದರೂ ದೇಹಕ್ಕೆ ಗಾಯ ಗಾಯವೇ. ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಇನ್ನೆರಡು ಹಾರ್ಮೋನುಗಳಲ್ಲಿ ವ್ಯಾಸೋಪ್ರೆಸಿನ್ ನೀರನ್ನು, ಆಲ್ಡೋಸ್ಟೆರಾನ್ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಲ್ಯಾಪ್ರೋಸ್ಕೋಪಿಗೆ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್‌ಗೆ, ಹೊಟ್ಟೆಯೊಳಗೆ ತುಂಬುವ ಗ್ಯಾಸಿನ ಒತ್ತಡವೂ ಇದಕ್ಕೆ ಸೇರುತ್ತದೆ. ಹಾಗಾಗಿ ಮೂತ್ರ ಕಮ್ಮಿಯಾದ ಕೂಡಲೇ ಮೈಯಲ್ಲಿ ನೀರು ಸಾಲದು ಅಂದುಕೊಳ್ಳುವಂತಿಲ್ಲ. ಈ ಮಾತು ನಿಮ್ಮ ಆರನೇ ಪುಟದಲ್ಲಿ ಹೂತುಹೋಗಿದೆ. ಮೇಲೆ ತನ್ನಿ.

ಇದೇ ಆಪರೇಷನ್‌ನಲ್ಲಿ ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ ಡ್ರಿಪ್ ಕೊಟ್ಟು ಹೋಲಿಸಿದ ಡೆನ್ಮಾರ್ಕಿನ 2004ರ ಅಧ್ಯಯನವನ್ನು 'ಕೆಜಿಗೆ 15 ಮಿಲಿ, 40 ಮಿಲಿ' ಅಂತ ಬರೆದು ದಾಟಿದ್ದೀರಿ. ಅದು ಕಣ್ಣಿಗೆ ಕಾಣಬೇಕು. 50 ಕೆಜಿ ತೂಕದ ಹೆಂಗಸಿಗೆ ಅದು ಅರ್ಧ ಲೀಟರಿನ ರಿಂಗರ್ ಲ್ಯಾಕ್ಟೇಟ್ (ಲವಣ ಬೆರೆಸಿದ ಡ್ರಿಪ್ ನೀರು) ಬಾಟ್ಲಿ ಒಂದೂವರೆ, ಇಲ್ಲವೇ ನಾಲ್ಕು. ಜಾಸ್ತಿ ಡ್ರಿಪ್ ಪಡೆದವರಲ್ಲಿ ವಾಕರಿಕೆ, ಬಾಯಾರಿಕೆ, ತಲೆಸುತ್ತು ಕಮ್ಮಿಯಿತ್ತು. ನೀರು, ಉಪ್ಪು ಹಿಡಿದಿಡುವ ಆ ಹಾರ್ಮೋನುಗಳೂ ಅಷ್ಟು ಏರಲಿಲ್ಲ.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಇಷ್ಟರಿಂದ ನೀವು 'ಜಾಸ್ತಿ ಡ್ರಿಪ್ ಎಲ್ಲರಿಗೂ ಒಳ್ಳೆಯದು' ಅಂದುಬಿಟ್ಟಿದ್ದೀರಿ. ಅದರಲ್ಲಿದ್ದವರು 48 ಜನ, ಅದೂ ಹೆಚ್ಚುಕಮ್ಮಿ ಆರೋಗ್ಯವಾಗಿದ್ದವರು. ಹೃದಯ ಸೋತವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅದೇ ನಾಲ್ಕು ಬಾಟ್ಲಿಯಿಂದ ಶ್ವಾಸಕೋಶದಲ್ಲಿ ನೀರು ತುಂಬಬಹುದು. ನಿಮ್ಮ ಸಾಲು ಓದಿದವರು ನರ್ಸ್ ಹತ್ತಿರ ಹೋಗಿ 'ನಮ್ಮಮ್ಮಂಗೂ ಇನ್ನೊಂದು ಬಾಟ್ಲಿ ಹಾಕಿ' ಅಂತ ಹಟ ಹಿಡಿದರೆ? ಅದನ್ನು ತಿದ್ದದೆ ನಾನು ಅಚ್ಚಿಗೆ ಕೊಡುವುದಿಲ್ಲ.

ಎಂಟನೇ ಪುಟದಲ್ಲಿ ಒಬ್ಬ ಹೆಂಗಸು ಬರುತ್ತಾರೆ. ಆಪರೇಷನ್ ಸಂಜೆ. ರಾತ್ರಿಯಿಂದ ನೀರು ಮುಟ್ಟಿಲ್ಲ. ಒಣಗಿದ ತುಟಿ ಸವರಿಕೊಳ್ಳುತ್ತಾ 'ಒಂದು ಗುಟುಕು ಕೊಡ್ತೀರಾ?' ಅಂತ ನಿಮ್ಮನ್ನು ಕೇಳುತ್ತಾರೆ. ಓದುತ್ತಾ ನನಗೇ ಬಾಯಿ ಒಣಗಿತು. ಸಾಮಾನ್ಯವಾಗಿ ಅರಿವಳಿಕೆಗೆ 2 ಗಂಟೆ ಮೊದಲಿನವರೆಗೂ ಬರೀ ನೀರು ಕುಡಿಯಬಹುದು. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಲೇಖನ ಅವರಿಂದಲೇ ಶುರುವಾಗಲಿ. ನಾಲ್ಕು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ, ಕಾಯುತ್ತಿರುತ್ತೇನೆ.