ಹಟ್ಟಿಯ ಪೈರೋಟೈಟ್‌ನ ಒಂದು ಚೂರು ಅಯಸ್ಕಾಂತಕ್ಕೆ ಅಂಟಿ, ಇನ್ನೊಂದು ಅಂಟದಿರುವುದೇಕೆ?

ಹಟ್ಟಿಯ ಚಿನ್ನದ ಅದಿರಿನಿಂದ ಆಯ್ದ ಪೈರೋಟೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕೆಲವು ಚೂರುಗಳು ಅಯಸ್ಕಾಂತಕ್ಕೆ ಅಂಟುತ್ತವೆ, ಕೆಲವು ಅಂಟುವುದಿಲ್ಲ, ಹರಳಿನ ರಚನೆ ತೋರಿಸುವ ಎಕ್ಸ್-ರೇ ನಕ್ಷೆಯಲ್ಲಿ ಶಿಖರಗಳು ಅಗಲವಾಗಿ ಒಂದರೊಳಗೊಂದು ಸೇರಿಕೊಂಡಿವೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದಕ್ಕಿಂತ ಹೆಚ್ಚೇನು ತೋರಿಸೀತು ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಭೂವಿಜ್ಞಾನ ಕಲಿಸುವ ನನ್ನ ಮೇಜಿನ ಮೇಲೂ ಅದೇ ಅದಿರಿನ ಹೆಬ್ಬೆರಳಿನಷ್ಟು ದೊಡ್ಡ ಕಂಚುಬಣ್ಣದ ತುಂಡೊಂದಿದೆ. ದಾರಕ್ಕೆ ಕಟ್ಟಿದ ಅಯಸ್ಕಾಂತ ಅದರ ಒಂದು ಅಂಚಿನ ಕಡೆಗೆ ಮಾತ್ರ ವಾಲುತ್ತದೆ.

ಪೈರೋಟೈಟ್‌ನಲ್ಲಿ ಕಬ್ಬಿಣ ಗಂಧಕಕ್ಕೆ ಸರಿಸಮನಾಗಿ ಇರುವುದಿಲ್ಲ. ಅಯಸ್ಕಾಂತಕ್ಕೆ ಅಂಟುವ ಬಗೆಯಲ್ಲಿ ಕಬ್ಬಿಣದ 8 ಸ್ಥಾನಗಳಿಗೆ 1 ಖಾಲಿ, ಮತ್ತು ಈ ಖಾಲಿ ಸ್ಥಾನಗಳು ಒಂದು ಪದರ ಬಿಟ್ಟು ಇನ್ನೊಂದು ಪದರದಲ್ಲಿ ಮಾತ್ರ ಇರುತ್ತವೆ. ನೆರೆಯ ಪದರಗಳ ಕಾಂತಬಲಗಳು ಎದುರುಬದುರಾಗಿರುವುದರಿಂದ, ತುಂಬಿದ ಪದರದ ಬಲ ಮಿಕ್ಕುಳಿದು ಹರಳು ಕಾಂತೀಯವಾಗುತ್ತದೆ. ಕಬ್ಬಿಣ ತುಸು ಹೆಚ್ಚಿರುವ ಬಗೆಗಳಲ್ಲಿ ಖಾಲಿ ಸ್ಥಾನಗಳು ಎರಡೂ ಕಡೆಯ ಪದರಗಳಿಗೆ ಹಂಚಿಹೋಗಿ ಬಲಗಳು ಒಂದನ್ನೊಂದು ಅಳಿಸಿಬಿಡುತ್ತವೆ.

ಈ ಎರಡು ಬಗೆಗಳು ದೊಡ್ಡ ಹರಳುಗಳಾಗಿ ಬೇರೆ ಬೇರೆ ಇದ್ದರೆ ಎಕ್ಸ್-ರೇ ಸಾಕು. ಅವು ಕೆಲವೇ ನ್ಯಾನೊಮೀಟರ್ ದಪ್ಪದ ಪಟ್ಟಿಗಳಾಗಿ ಹೆಣೆದುಕೊಂಡಿದ್ದರೆ ಮಾತ್ರ ಎಕ್ಸ್-ರೇ ಪುಡಿಯ ಅಸಂಖ್ಯ ಕಣಗಳ ಸರಾಸರಿಯನ್ನಷ್ಟೇ ಹೇಳುತ್ತದೆ. ಎಲೆಕ್ಟ್ರಾನ್ ಕಿರಣ ಒಂದೇ ಹರಳಿನ ಪುಟ್ಟ ಭಾಗವನ್ನು ನೋಡಬಲ್ಲದು. ಆ ಕಿರಣ ಹರಳಿನಲ್ಲಿ ಚದುರಿ ಚುಕ್ಕೆಗಳ ಚಿತ್ರವೊಂದನ್ನು ಮೂಡಿಸುತ್ತದೆ: ಖಾಲಿ ಸ್ಥಾನಗಳು ಶಿಸ್ತಾಗಿದ್ದರೆ ಮುಖ್ಯ ಚುಕ್ಕೆಗಳ ನಡುವೆ ಚಿಕ್ಕ ಚುಕ್ಕೆಗಳು ಸಮ ಅಂತರದಲ್ಲಿ ಮೂಡುತ್ತವೆ, ಪದರಗಳ ಸರದಿ ಅಲ್ಲಲ್ಲಿ ತಪ್ಪಿದ್ದರೆ ಆ ಚುಕ್ಕೆಗಳು ಒಂದೇ ದಿಕ್ಕಿನಲ್ಲಿ ಎಳೆದ ಗೆರೆಗಳಂತೆ ಹರಡುತ್ತವೆ. ಮೂಲ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಘಟಕದ) ನಾಲ್ಕು ಪಟ್ಟು, ಅಂದರೆ ಸುಮಾರು 2.3 ನ್ಯಾನೊಮೀಟರ್‌ಗೆ ಒಮ್ಮೆ ಮರುಕಳಿಸುವಂಥ ಈ ವಿನ್ಯಾಸಗಳನ್ನು ಪಿಯರ್ಸ್ ಮತ್ತು ಬುಸೆಕ್ ಎಂಬ ಸಂಶೋಧಕರು 1974ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಚಿತ್ರಿಸಿದ್ದರು. ನಿಮ್ಮ ಅಗಲವಾದ ಶಿಖರಗಳ ಹಿಂದೆ ಇಂಥ ಹೆಣಿಗೆ ಇರಬಹುದೆಂಬುದು ನನ್ನ ಊಹೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಪೈರೋಟೈಟ್‌ನಂಥ ಸಲ್ಫೈಡ್ (ಗಂಧಕದ) ಖನಿಜಗಳು ಬಹಳ ನಾಜೂಕು. ಮಾದರಿಯನ್ನು ಆರ್ಗಾನ್ ಅಯಾನುಗಳಿಂದ ತೆಳುವಾಗಿಸುವಾಗಲೂ ಎಲೆಕ್ಟ್ರಾನ್ ಕಿರಣದ ಅಡಿಯಲ್ಲೂ ಬಿಸಿ ಏರಿ ಖಾಲಿ ಸ್ಥಾನಗಳು ಜಾಗ ಬದಲಿಸಬಹುದು, ಗಂಧಕವೂ ಹಾರಿಹೋಗಬಹುದು. ಹೀಗಾದಾಗ ನಾವು ನೋಡುವ ಅಸ್ತವ್ಯಸ್ತತೆ ಹಟ್ಟಿಯ ಶಿಲೆಯದಲ್ಲ, ನಾವೇ ಹುಟ್ಟಿಸಿದ್ದು. ಆದ್ದರಿಂದ ಮಾದರಿಯನ್ನು ತಣ್ಣಗಿಟ್ಟು ತೆಳುವಾಗಿಸಿ, ಮೊದಲು ಮಂದ ಕಿರಣದಲ್ಲಿ ಚುಕ್ಕೆಗಳ ಚಿತ್ರ ತೆಗೆದುಕೊಳ್ಳಿ, ಆಮೇಲೆ ವರ್ಧನೆ ಹೆಚ್ಚಿಸಿ. ಕೆಲಸ ಮುಗಿದ ಮೇಲೆ ಅದೇ ಜಾಗದ ಚಿತ್ರವನ್ನು ಮತ್ತೊಮ್ಮೆ ತೆಗೆದು ಮೊದಲಿನದರ ಪಕ್ಕದಲ್ಲಿಟ್ಟು ನೋಡಿ.